ಹಾಸಿಗೆ ಮೂಲೆಯ ನೀಲಿ ಗಂಟು

ವಾಮದಪದವು ಪೇಟೆಯಲ್ಲಿ ಬಸ್ಸು ತಿರುಗಿಸುವ ಜಾಗದ ಹಿಂದೆ ನಾಲ್ಕು ಕೋಣೆಗಳ ಒಂದು ಸಾಲು ಉಂಟು. ಕೊನೆಯ ಕೋಣೆ ಮೂಸಾಕನದ್ದು. ಬೋರ್ಡು ಇಲ್ಲ. ಬಾಗಿಲು ತೆರೆದಿದ್ದರೆ ಒಳಗಿನಿಂದ ಬಿಳಿ ಹತ್ತಿಯ ಎಳೆಗಳು ಹಾರಿ ಬಂದು ದಾರಿಯವರ ತಲೆಗೆ ಅಂಟುತ್ತವೆ. ಬೂರುಗದ ಹತ್ತಿಯನ್ನು ಕೋಲಿನಿಂದ ಬಡಿದು, ಬೀಜ ಬೇರೆ ಮಾಡಿ, ಗವಸಿಗೆ ತುಂಬಿಸಿ, ದಬ್ಬಣದಿಂದ ಹೊಲಿದು ಹಾಸಿಗೆ ಮಾಡುವುದು ಅವರ ಕೆಲಸ. ಅವರ ತಂದೆಯ ಕೆಲಸವೂ ಅದೇ ಆಗಿತ್ತು. ಗವಸು ಹೊಲಿಯುವವಳು ನಾನು. ನನ್ನ ಯಜಮಾನರು ತೀರಿಕೊಂಡ ಮರುವರ್ಷ ಶುರು ಮಾಡಿದ್ದು, ಈಗ ಇಪ್ಪತ್ತೊಂಬತ್ತು ವರ್ಷವಾಯಿತು. ಅವರು ನನ್ನನ್ನು ಪದ್ಮಕ್ಕ ಎನ್ನುತ್ತಾರೆ. ವಯಸ್ಸಿನಲ್ಲಿ ಅವರು ನನಗಿಂತ ಮೂರು ವರ್ಷ ದೊಡ್ಡವರು.

ಮೂಸಾಕ ಒಮ್ಮೆ ಮಾತ್ರ ಈ ಕೆಲಸ ಬಿಟ್ಟದ್ದು. ಹೆಂಡತಿಯ ತಮ್ಮ ಅವರನ್ನು ಗಲ್ಫಿಗೆ, ದಮ್ಮಾಮಿಗೆ ಕರೆಸಿಕೊಂಡಿದ್ದ. ಅಲ್ಲಿ ಒಂದು ಗೋದಾಮಿನಲ್ಲಿ ಸ್ಪಂಜಿನ ಹಾಸಿಗೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತುವ ಕೆಲಸ. ಹದಿನಾಲ್ಕು ತಿಂಗಳಿಗೆ ಹಿಂದೆ ಬಂದರು. ಯಾಕೆ ಬಂದಿರಿ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ.

"ಅಲ್ಲಿ ಹಾಸಿಗೆಗೆ ಒಂದೇ ವಾಸನೆ ಮಾರಾಯ. ರಾಜ ಮಲಗುವುದಕ್ಕೂ ಅದೇ, ಕೂಲಿಯವ ಮಲಗುವುದಕ್ಕೂ ಅದೇ. ನನಗೆ ತಲೆ ಕೆಟ್ಟುಹೋಯಿತು."

ಅವರ ಕೆಲಸದಲ್ಲಿ ಮೂಗೇ ಮುಖ್ಯ. ಹಳೆ ಹಾಸಿಗೆ ಬಿಚ್ಚಿ ಮತ್ತೆ ಬಡಿದು ಕೊಡಲು ಮನೆಗಳಿಂದ ಕರೆ ಬರುತ್ತದೆ. ಮೂಸಾಕ ಮೊದಲು ಒಂದು ಮೂಲೆ ಬಿಡಿಸಿ, ಒಂದು ಮುಷ್ಟಿ ಹತ್ತಿ ತೆಗೆದು ಮೂಗಿಗೆ ಹಿಡಿಯುತ್ತಾರೆ. ಆಮೇಲೆ ಹೇಳುತ್ತಾರೆ: ಇದರಲ್ಲಿ ಮಗು ಮಲಗಿತ್ತು, ಇದನ್ನು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದರು, ಇದರಲ್ಲಿ ಕಾಯಿಲೆಯವರು ಇದ್ದರು, ಇದನ್ನು ಸುಡಿ. ಗುರುವಾಯನಕೆರೆಯ ಒಬ್ಬರು ಪರೀಕ್ಷೆ ಮಾಡಲೆಂದು ಎರಡು ಹಾಸಿಗೆ ತಂದು, ಯಾವುದು ಯಾರದ್ದು ಎಂದು ಕೇಳಿದರು. ಮೂಸಾಕ ಎರಡಕ್ಕೂ ಮೂಗಿಟ್ಟು, "ಎರಡೂ ನಿಮ್ಮದೇ. ಒಂದರಲ್ಲಿ ಹೆಂಡತಿ ಜೊತೆ ಮಲಗ್ತೀರಿ, ಒಂದು ಜಗಳ ಆದಾಗಿನದ್ದು" ಎಂದರು. ಆ ಮನುಷ್ಯ ನಕ್ಕ. ಅವನ ಜೊತೆ ಬಂದಿದ್ದ ಹೆಂಡತಿ ನಗಲಿಲ್ಲ.

ಇನ್ನೊಂದು ಅವರ ಗುರುತು. ಪ್ರತಿ ಹಾಸಿಗೆಯ ಕಾಲಿನ ಕಡೆಯ ಬಲ ಮೂಲೆಯಲ್ಲಿ ನೀಲಿ ನೂಲಿನ ಏಳು ಸುತ್ತಿನ ಗಂಟು. ಹೊರಗೆ ಕಾಣುವುದು ಕೊತ್ತಂಬರಿ ಕಾಳಿನಷ್ಟು. ಗಂಟು ಕುಳಿತುಕೊಳ್ಳುವುದು ಹೊಲಿಗೆಯ ಒಳಗೆ. ಹತ್ತಿ ತುಂಬಿದ ಮೇಲೆ ಆ ಮೂಲೆಗೆ ಕೈ ಹೋಗುವುದಿಲ್ಲ, ಹಾಗಾಗಿ ಗವಸು ಖಾಲಿ ಇರುವಾಗಲೇ ಗಂಟು ಹಾಕಬೇಕು. ನಮ್ಮಲ್ಲಿ ಮೊದಲು ಗಂಟು, ಮತ್ತೆ ಹತ್ತಿ. ಆ ಗಂಟು ಕಂಡರೆ ಒಳಗಿನದ್ದು ಮೂಸಾಕ ನೋಡಿದ ಹತ್ತಿ ಎಂದು ಬಂಟ್ವಾಳದಿಂದ ಮೂಡಬಿದಿರೆಯವರೆಗೆ ಜನ ನಂಬಿದ್ದರು. ಆದ್ದರಿಂದ ಗಂಟು ಹಾಕಿದ ಖಾಲಿ ಗವಸನ್ನು ಅವರು ಯಾರ ಕೈಗೂ ಕೊಡುತ್ತಿರಲಿಲ್ಲ. ನನ್ನ ತಮ್ಮನ ಮಗಳ ಮದುವೆಗೆ ನಾನೇ ಒಂದು ಗವಸು ಕೇಳಿದಾಗಲೂ ಗಂಟು ಬಿಚ್ಚಿಯೇ ಕೊಟ್ಟರು.

ಕೊರೋನಾ ವರ್ಷದಲ್ಲಿ ಮೂಸಾಕನಿಗೆ ಹನ್ನೊಂದು ದಿನ ಜ್ವರ ಬಂತು. ಜ್ವರ ಬಿಟ್ಟಿತು, ಮೂಗು ಹಿಂದೆ ಬರಲಿಲ್ಲ. ಒಂದು ದಿನ ಚಹಾಕ್ಕೆ ಸೀಮೆಎಣ್ಣೆ ಬಿದ್ದದ್ದು ಗೊತ್ತಾಗದೆ ಕುಡಿದರು. ಅವರ ಹೆಂಡತಿ ಝೈನಬಮ್ಮನಿಗೆ ಆಗ ತಿಳಿಯಿತು, ಅವರಿಂದ ನನಗೆ. ಮೂರನೆಯವರಿಗೆ ಹೇಳಬಾರದು ಎಂದು ಮೂಸಾಕ ನನ್ನಲ್ಲಿ ಕೈಮುಗಿದು ಕೇಳಿಕೊಂಡರು. ಅಂದಿನಿಂದ ನಾವು ಒಂದು ಕ್ರಮ ಮಾಡಿಕೊಂಡೆವು. ಅವರು ಎಲ್ಲರೆದುರು ಹತ್ತಿಯನ್ನು ಮೂಗಿಗೆ ಹಿಡಿಯುವುದು, ಕಣ್ಣು ಮುಚ್ಚುವುದು, ತೆರೆದು ನನ್ನ ಕಡೆ ನೋಡುವುದು. ಹತ್ತಿ ಒಳ್ಳೆಯದಿದ್ದರೆ ನಾನು ಸುಮ್ಮನಿರುತ್ತೇನೆ. ಕೆಟ್ಟಿದ್ದರೆ ಸೆರಗು ಸರಿಮಾಡಿಕೊಳ್ಳುತ್ತೇನೆ. ಇದು ಮೋಸ ಎಂದು ನನಗೆ ಗೊತ್ತುಂಟು. ಆದರೆ ಕೆಟ್ಟ ಹಾಸಿಗೆಯಲ್ಲಿ ಯಾರೂ ಮಲಗಲಿಲ್ಲ, ಅದೂ ನನಗೆ ಗೊತ್ತುಂಟು.

ಈಗ ವಿಶ್ವವಿದ್ಯಾಲಯದ ವಿಷಯ. ವೇಣೂರಿನಿಂದ ಸ್ವಲ್ಪ ಆಚೆ, ಫಲ್ಗುಣಿ ಹೊಳೆಯ ಬದಿಯ ಬೈಲು ಗದ್ದೆಗಳಿಗೆ ಮಣ್ಣು ತುಂಬಿಸಿ ಅದನ್ನು ಕಟ್ಟಿದ್ದು. ಇಪ್ಪತ್ತೆರಡು ವರ್ಷದ ಹಿಂದೆ ಅಲ್ಲಿಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ಹಾಸಿಗೆ ಮಾಡಿದವರು ಮೂಸಾಕ. ಕೆಳಗಿನ ಅಂತಸ್ತಿನಲ್ಲಿ ಇಪ್ಪತ್ತೊಂದು ಕೋಣೆ, ಕೋಣೆಗೆ ನಾಲ್ಕು ಮಂಚ, ಒಟ್ಟು ಎಂಬತ್ತನಾಲ್ಕು ಹಾಸಿಗೆ. ಹಾಸ್ಟೆಲಿನ ಜಗಲಿಯಲ್ಲಿಯೇ ಕುಳಿತು ಎರಡು ತಿಂಗಳು ಮಾಡಿದೆವು.

ಕಳೆದ ಆಟಿ ತಿಂಗಳ ಜೋರು ಮಳೆಗೆ ಹೊಳೆ ಉಕ್ಕಿ ತನ್ನ ಬೈಲಿಗೆ ಬಂತು. ಮೂರು ದಿನ ಹೋಗಲಿಲ್ಲ. ಮಕ್ಕಳನ್ನು ಮೊದಲು ಮೇಲಿನ ಅಂತಸ್ತಿಗೆ ಏರಿಸಿ, ಮತ್ತೆ ದೋಣಿಯಲ್ಲಿ ದಾಟಿಸಿದರು. ಯಾರಿಗೂ ಏನೂ ಆಗಲಿಲ್ಲ. ಹಾಸ್ಟೆಲಿನ ಹಿಂದಿನ ಶೌಚದ ಗುಂಡಿಗಳು ಮಾತ್ರ ಮುಚ್ಚಳ ಎತ್ತಿ, ಒಳಗಿದ್ದದ್ದನ್ನೆಲ್ಲ ನೀರಿಗೆ ಬಿಟ್ಟವು. ಬೂರುಗದ ಹತ್ತಿ ನೀರಿನಲ್ಲಿ ಮುಳುಗುವುದಿಲ್ಲ. ಹಾಸಿಗೆಗಳು ಬಾಗಿಲಿನಿಂದ ಒಂದೊಂದಾಗಿ ತೇಲಿ ಹೊರಗೆ ಬಂದವು. ಒಂದು, ತಗ್ಗಿನಲ್ಲಿದ್ದ ಬಸ್ಸು ನಿಲ್ದಾಣದ ತಗಡಿನ ಮಾಡಿನ ಮೇಲೆ ಸಿಕ್ಕಿತು. ಎರಡು ಎಟಿಎಂ ಕೋಣೆಯೊಳಗೆ ಹೋಗಿ ನಿಂತಿದ್ದವು.

ಮೂಸಾಕನಿಗೆ ಇದನ್ನು ಕೇಳಿ ಖುಷಿ. "ನೋಡಿ, ನನ್ನ ಹಾಸಿಗೆ ಈಜಿತು. ಸ್ಪಂಜಾಗಿದ್ದರೆ ಅಡಿಗೆ ಹೋಗ್ತಿತ್ತು."

"ಎಂತದರಲ್ಲಿ ಈಜಿತು ಅಂತ ಸಹ ಹೇಳಿ" ಎಂದರು ಝೈನಬಮ್ಮ. "ಹೇಲಿನಲ್ಲಿ ಈಜಿದ್ದಕ್ಕೆ ಇಷ್ಟು ದೊಡ್ಡ ಬಾಯಿ."

ದೀಪಾವಳಿಗೆ ಇಪ್ಪತ್ತು ದಿನ ಇರುವಾಗ ಚಿದಾನಂದ ಎಂಬವರು ಅಂಗಡಿಗೆ ಬಂದರು. ವಿಶ್ವವಿದ್ಯಾಲಯದ ಕಟ್ಟಡ ರಿಪೇರಿಯ ಮೇಲ್ವಿಚಾರಣೆ ಅವರದ್ದು. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಎರಡು ಫೋನು. ಒಂದು ಗೋಣಿ ಹತ್ತಿ ತಂದಿದ್ದರು.

"ಮೂಸಾಕ, ಹಾಸ್ಟೆಲು ಪುನಃ ಓಪನ್ ಉಂಟು. ಮೊದಲು ಮಾಡಿದವರೇ ಪುನಃ ಮಾಡಬೇಕು ಅಂತ ದೊಡ್ಡವರ ಮಾತು. ಎಂಬತ್ತನಾಲ್ಕು. ಹತ್ತಿ ನಾವು ಕೊಡ್ತೇವೆ, ಇದು ಸ್ಯಾಂಪಲ್. ನೋಡಿ."

ಮೂಸಾಕ ಮುಷ್ಟಿ ತೆಗೆದು ಮೂಗಿಗೆ ಹಿಡಿದರು, ಕಣ್ಣು ಮುಚ್ಚಿದರು, ತೆರೆದು ನನ್ನನ್ನು ನೋಡಿದರು. ನಾನು ಸುಮ್ಮನಿದ್ದೆ. ಒಳ್ಳೆಯ ಹತ್ತಿ, ಬಿಸಿಲು ಕಂಡದ್ದು, ಬೀಜದ ಎಣ್ಣೆಯ ಸಣ್ಣ ವಾಸನೆ ಬಿಟ್ಟರೆ ಬೇರೇನಿಲ್ಲ.

"ಅಡ್ಡಿಲ್ಲ" ಎಂದರು ಮೂಸಾಕ.

"ಮತ್ತೊಂದು ವಿಷಯ. ಓಪನಿಂಗ್ ದಿನ ನಿಮಗೆ ಸ್ಟೇಜಿನಲ್ಲಿ ಕುರ್ಚಿ ಉಂಟು. ಶಾಲು ಹಾಕಿಸ್ತೇವೆ. ಇಪ್ಪತ್ತೆರಡು ವರ್ಷದ ಹಿಂದಿನ ಕುಶಲಕರ್ಮಿ ಅಂತ ಹೆಸರು ಪ್ರಿಂಟಿಗೆ ಹೋಗಿದೆ."

ನಾನು ಮೂಸಾಕನ ಮುಖ ನೋಡಿದೆ. ಕಿವಿ ಕೆಂಪಾಗಿತ್ತು. ಅರುವತ್ತೊಂಬತ್ತು ವರ್ಷದ ಗಂಡಸಿಗೆ ಒಂದು ಕುರ್ಚಿ ಎಂದರೆ ಇಷ್ಟು ಆಸೆಯಾ ಎಂದು ನನಗೆ ಆವತ್ತೇ ಸ್ವಲ್ಪ ಹೇಸಿಗೆಯಾಯಿತು. ಸುಳ್ಳು ಯಾಕೆ ಹೇಳಲಿ.

ನಾನು ಒಂಬತ್ತು ದಿನದಲ್ಲಿ ಎಂಬತ್ತನಾಲ್ಕು ಗವಸು ಹೊಲಿದೆ. ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ, ನೀಲಿ ಬಿಳಿ ಪಟ್ಟೆ. ಮೂಸಾಕ ಒಂದೊಂದಕ್ಕೂ ಗಂಟು ಹಾಕಿದರು. ಹತ್ತನೆಯ ದಿನ ಚಿದಾನಂದ ಜೀಪು ತಂದರು.

"ಗವಸು ಈಗಲೇ ಕೊಂಡುಹೋಗ್ತೇನೆ ಮೂಸಾಕ. ಎಣಿಕೆ, ಅಳತೆ, ಎಲ್ಲ ಆಫೀಸಿನಲ್ಲಿ ನೋಡ್ಲಿಕ್ಕುಂಟು. ನೀವು ಬುಧವಾರ ಬಂದು ತುಂಬಿಸಿದರೆ ಆಯ್ತು."

"ಗಂಟು ಹಾಕಿದ್ದನ್ನು ಕೊಡ್ಲಿಕ್ಕುಂಟಾ?" ಎಂದು ನಾನು ಕೇಳಿದೆ.

ಮೂಸಾಕ ನನ್ನ ಕಡೆ ತಿರುಗಲಿಲ್ಲ. "ನಾಲ್ಕು ದಿನಕ್ಕೆ ಪದ್ಮಕ್ಕ. ವಿಶ್ವವಿದ್ಯಾಲಯ ಅದು. ಓಡಿಹೋಗ್ತದಾ?"

"ಹೊಳೆಗೆ ಹೋಗಿತ್ತಲ್ಲ."

ಚಿದಾನಂದ ನಕ್ಕರು. ಗವಸುಗಳನ್ನು ಜೀಪಿಗೆ ಹಾಕಿದ್ದು ಮೂಸಾಕನೇ. ಇಪ್ಪತ್ತೊಂಬತ್ತು ವರ್ಷದಲ್ಲಿ ಗಂಟಿರುವ ಖಾಲಿ ಗವಸು ಅಂಗಡಿಯಿಂದ ಹೊರಗೆ ಹೋದದ್ದು ಅದೇ ಮೊದಲು. ಆ ಸಂಜೆ ಅವರು ಪೇಟೆಗೆ ಹೋಗಿ ಒಂದು ಬಿಳಿ ಅಂಗಿ ತಂದರು.

ಬುಧವಾರ ಬೆಳಿಗ್ಗೆ ದಬ್ಬಣ, ಕೋಲು, ಕತ್ತರಿ ಕಟ್ಟಿಕೊಂಡು ನಾವಿಬ್ಬರೂ ಬಸ್ಸಿನಲ್ಲಿ ಹೋದೆವು. ಮರುದಿನ ಓಪನಿಂಗ್. ಒಂದು ದಿನದಲ್ಲಿ ಎಂಬತ್ತನಾಲ್ಕು ತುಂಬಿಸಲು ಆಗುವುದಿಲ್ಲ ಎಂದು ನಾನು ಬಸ್ಸಿನಲ್ಲಿ ಹೇಳಿದೆ. ಅಲ್ಲಿ ಜನ ಇರುತ್ತಾರೆ, ನಾನು ಹೇಳಿಕೊಡುತ್ತೇನೆ ಎಂದರು ಮೂಸಾಕ.

ಅಲ್ಲಿ ಮೊದಲು ಕಂಡದ್ದು ಹೊಸ ಕಮಾನು. ನೆರೆ ಹೋದ ಮೇಲೆ ಎಲ್ಲಕ್ಕಿಂತ ಮೊದಲು ಎಬ್ಬಿಸಿದ್ದು ಅದನ್ನೇ ಎಂದು ಗೇಟಿನವನು ಹೇಳಿದ. ಕಮಾನಿನ ಎರಡು ಕಡೆ ಸಿಮೆಂಟಿನ ಆನೆ, ಆನೆಯ ಸೊಂಡಿಲಿನಲ್ಲಿ ಕಾರಂಜಿ. ಒಳಗೆ ಕಟ್ಟಡಗಳಿಗೆಲ್ಲ ಬೆಣ್ಣೆ ಬಣ್ಣದ ಪೈಂಟು. ಮುರಕಲ್ಲಿನ ಗೋಡೆ ಒಮ್ಮೆ ನೀರು ಕುಡಿದರೆ ಒಣಗಲು ಒಂದು ಬೇಸಗೆ ಬೇಕು. ಇವರು ಹಸಿ ಗೋಡೆಗೇ ಬಳಿದಿದ್ದರು. ಹಾಸ್ಟೆಲಿನ ಗೋಡೆಯಲ್ಲಿ ಸೊಂಟದ ಎತ್ತರದವರೆಗೆ ಪೈಂಟು ಗುಳ್ಳೆ ಗುಳ್ಳೆ ಎದ್ದಿತ್ತು, ಸಿಡುಬು ಎದ್ದ ಮೈಯ ಹಾಗೆ. ಒಂದಕ್ಕೆ ಬೆರಳು ತಾಗಿಸಿದೆ. ಒಡೆದು ಕಂದು ನೀರು ನನ್ನ ಮಣಿಕಟ್ಟಿನವರೆಗೆ ಇಳಿಯಿತು. ಸೀರೆಗೆ ಒರೆಸಲು ಮನಸ್ಸಾಗಲಿಲ್ಲ, ಅಂಗಳದ ಹುಲ್ಲಿಗೆ ಉಜ್ಜಿದೆ. ಆ ಹುಲ್ಲೂ ಪ್ಲಾಸ್ಟಿಕ್ಕಿನದ್ದು.

ಚಿದಾನಂದ ಜಗಲಿಯಲ್ಲಿ ಕಾಯುತ್ತಿದ್ದರು.

"ಬನ್ನಿ ಮೂಸಾಕ. ನಿಮಗೆ ಕಷ್ಟ ಬೇಡ ಅಂತ ನಾವೇ ತುಂಬಿಸಿ ಹೊಲಿಸಿ ಆಯ್ತು. ಗೋಣಿ ಹೊಲಿಯುವ ಮಿಶನ್ ಉಂಟಲ್ಲ, ಎರಡು ದಿನದಲ್ಲಿ ಮುಗೀತು. ನೀವು ನಾಳೆ ಬಂದು ಕುರ್ಚಿಯಲ್ಲಿ ಕೂತರೆ ಸಾಕು. ಚಹಾ ಕುಡಿಯುವ."

"ನಾನು ನೋಡದೆ ತುಂಬಿಸಿದ್ದಾ?"

"ನೋಡ್ಲಿಕ್ಕೆ ಎಂತ ಉಂಟು? ಹತ್ತಿ ಹತ್ತಿಯೇ."

ಮೂಸಾಕ ಮೊದಲ ಕೋಣೆಯ ಬಾಗಿಲು ತೆರೆದರು. ನಾಲ್ಕು ಮಂಚ, ನಾಲ್ಕು ಹಾಸಿಗೆ, ನನ್ನ ನೀಲಿ ಬಿಳಿ ಗವಸು. ಮೂಲೆಯಲ್ಲಿ ನೀಲಿ ಚುಕ್ಕೆ. ಮೂಸಾಕ ಒಳಗೆ ಹೋಗಿ ನಿಂತು ಉದ್ದಕ್ಕೆ ಉಸಿರು ಎಳೆದರು. ಮುಖದಲ್ಲಿ ಏನೂ ಬದಲಾಗಲಿಲ್ಲ. ತಿರುಗಿ ನನ್ನನ್ನು ನೋಡಿದರು.

ನಾನು ಹೊಸ್ತಿಲಲ್ಲೇ ನಿಂತಿದ್ದೆ. ಮೇಲೆ ಫಿನಾಯಿಲು. ಅದರ ಅಡಿಯಲ್ಲಿ ಯಾರೋ ಸಿಂಪಡಿಸಿದ ಮಲ್ಲಿಗೆ ಸೆಂಟು. ಅದರ ಅಡಿಯಲ್ಲಿ ಬ್ಲೀಚಿಂಗ್ ಪೌಡರು. ಇವು ಮೂರೂ ಒಂದು ಉಸಿರಿಗೆ. ಎರಡನೆಯ ಉಸಿರಿಗೆ ಹೊಳೆಯ ಕೆಸರು, ಸತ್ತ ಮೀನು. ಮೂರನೆಯದಕ್ಕೆ ಕಕ್ಕಸಿನ ಗುಂಡಿ. ಸೆರಗು ಸರಿಮಾಡಲಿಲ್ಲ, ಪೂರ್ತಿ ಎಳೆದು ಮೂಗು ಬಾಯಿ ಮುಚ್ಚಿಕೊಂಡೆ.

ಮೂಸಾಕನಿಗೆ ಅರ್ಥವಾಯಿತು. ಚಿದಾನಂದರಿಗೂ ಆಗಿರಬೇಕು. "ಹೊಸ ಪೈಂಟಲ್ವಾ, ಎರಡು ದಿನ ಹಾಗೆ ಬರ್ತದೆ" ಎಂದು ಫೋನು ಕಿವಿಗೆ ಹಿಡಿದು ಅಂಗಳಕ್ಕೆ ಇಳಿದರು.

ಹಾಸ್ಟೆಲಿನ ಅಡುಗೆಯ ಸಜ್ನಾ ಎಂಬ ಹೆಂಗಸು ಆಚೆಯಿಂದ ತಲೆ ಹಾಕಿ ನೋಡುತ್ತಿದ್ದಳು. ನಾನು ಕೇಳಿದ್ದಕ್ಕೆ ಹೇಳಿದಳು. ನೆರೆಯಲ್ಲಿ ತೇಲಿದ ಹಾಸಿಗೆಗಳನ್ನು ಅಲ್ಲಿಂದ ಇಲ್ಲಿಂದ ಎಳೆದು ತಂದು, ಬಿಚ್ಚಿ, ಆ ಹತ್ತಿಯನ್ನು ಬ್ಯಾಡ್ಮಿಂಟನ್ ಆಡುವ ಹಾಲಿನಲ್ಲಿ ಹರಡಿ ಫ್ಯಾನು ಹಾಕಿದ್ದರಂತೆ. ಒಣಗುವ ಮೊದಲೇ ಪೌಡರು ಹಾಕಿ ತುಂಬಿಸಿದರಂತೆ. "ಕೆಟ್ಟುಹೋದೀತು ಅಂತ ಆ ಹಾಲಿನ ಕಡೆ ನಾವು ಉಪ್ಪಿನಕಾಯಿ ಭರಣಿ ಸಹ ತೆಗೆದುಕೊಂಡು ಹೋಗಲಿಲ್ಲ ದೊಡ್ಡಮ್ಮ" ಎಂದಳು. ಅಂಗಡಿಗೆ ತಂದ ಗೋಣಿ ಮಾತ್ರ ಹೊಸ ಹತ್ತಿ.

ನಾಳೆ ಮಧ್ಯಾಹ್ನದ ಮೇಲೆ ಮಕ್ಕಳು ಬರುತ್ತಾರೆ, ರಾತ್ರಿ ಈ ಹಾಸಿಗೆಗಳಲ್ಲಿ ಮಲಗುತ್ತಾರೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಮೂಸಾಕ ಏನು ಲೆಕ್ಕ ಹಾಕಿದರೋ ನನಗೆ ಆಮೇಲೆ ತಿಳಿಯಿತು. ಅವರು ಕಂಕುಳಿನ ಕಟ್ಟಿನಿಂದ ಸಣ್ಣ ಕತ್ತರಿ ತೆಗೆದು, ಮೊದಲ ಹಾಸಿಗೆಯ ಮೂಲೆ ಹಿಡಿದು, ನೀಲಿ ಗಂಟಿನ ತಲೆ ಕತ್ತರಿಸಿ, ದಬ್ಬಣದ ತುದಿಯಿಂದ ಎಳೆದು ಕಿಸೆಗೆ ಹಾಕಿಕೊಂಡರು. ಎರಡನೆಯದಕ್ಕೆ ಹೋದರು. ಮೂರನೆಯದಕ್ಕೆ. ಮುಂದಿನ ಕೋಣೆಗೆ.

ನಾನು ಸೆರಗು ಮೂಗಿಗೆ ಹಿಡಿದು ಅವರ ಹಿಂದೆ ಹೋದೆ. ಐದು ಕೋಣೆ ಆಯಿತು. ಇಪ್ಪತ್ತು ಗಂಟು. ಅವರು ಒಂದು ಹಾಸಿಗೆಯನ್ನೂ ಬಿಚ್ಚಲಿಲ್ಲ. ಹಾಸಿಗೆಯನ್ನು ಕೈಯಿಂದ ಮತ್ತೆ ಸಮ ಮಾಡಿ, ಮೊದಲಿನ ಹಾಗೆ ಇಟ್ಟು ಮುಂದೆ ಹೋಗುತ್ತಿದ್ದರು. ಆ ಸಮ ಮಾಡುವುದನ್ನು ಕಂಡು ನನಗೆ ತಡೆಯಲಾಗಲಿಲ್ಲ. ಚಿದಾನಂದರ ಮೇಲೆ ಬಾರದ ಅಸಹ್ಯ ನನಗೆ ಇವರ ಮೇಲೆ ಬಂತು.

"ಎಂತ ಮಾಡ್ತೀರಿ ಮೂಸಾಕ?"

"ನನ್ನ ಹೆಸರು ತೆಗೀತಿದ್ದೇನೆ. ಇದು ನಾನು ಮಾಡಿದ್ದಲ್ಲ."

"ಒಳಗಿನದ್ದು?"

"ಅದು ಅವರದ್ದು."

"ಗಂಟು ತೆಗೆದರೆ ನಾರುವುದು ನಿಲ್ತದಾ?"

ಅವರು ಮುಂದೆ ಹೋಗಿ ಆರನೆಯ ಕೋಣೆಯ ಮೊದಲ ಮಂಚಕ್ಕೆ ಬಗ್ಗಿದರು.

"ನಿಮಗೆ ವಾಸನೆ ಬರುವುದಿಲ್ಲ. ಅದಕ್ಕೆ ನಿಮಗೆ ಇದು ಬರೀ ಗಂಟು" ಎಂದೆ. ಇದನ್ನು ನಾನು ಹೇಳಬಾರದಿತ್ತು. ಬಾಗಿಲಲ್ಲಿ ಸಜ್ನಾ ನಿಂತಿದ್ದಳು. ಐದು ವರ್ಷ ಬಾಯಿ ಬಿಡದ ಮಾತು ಹೀಗೆ ಹೊರಗೆ ಬಿತ್ತು.

ಮೂಸಾಕನ ಕೈ ನಿಂತಿತು. ಆಮೇಲೆ ಕತ್ತರಿಯಿಂದ ಮೂಲೆಯನ್ನು ಒಂದು ಗೇಣು ಬಿಡಿಸಿ, ಕೈಯನ್ನು ಮೊಣಕೈಯವರೆಗೆ ಒಳಗೆ ಹಾಕಿ, ಒಂದು ಮುಷ್ಟಿ ಹೊರಗೆ ತೆಗೆದರು.

ಬೂರುಗದ ಹತ್ತಿ ಅಂಗೈಯಲ್ಲಿ ಬೆಚ್ಚಗಿರಬೇಕು. ಮುಷ್ಟಿ ಬಿಟ್ಟರೆ ತಾನಾಗಿ ಎದ್ದು ಹಾರಬೇಕು. ಇದು ಬೂದಿ ಬಣ್ಣದ ಮುದ್ದೆಯಾಗಿ ಅಂಗೈಗೆ ಅಂಟಿ ಕುಳಿತಿತ್ತು. ಅದರೊಳಗೆ ಉದ್ದ ಕೂದಲು. ಮೀನಿನ ಮುಳ್ಳು. ಹೆಂಗಸರು ಬಿಸಾಡುವ ಪ್ಯಾಡಿನ ಒಂದು ತುಂಡು. ಮಧ್ಯದಲ್ಲಿ ಏನೋ ಬೆಳ್ಳಗೆ, ಅಕ್ಕಿಯಷ್ಟು, ನಾಲ್ಕಾರು. ನಾನು ಅಕ್ಕಿಯೇ ಎಂದುಕೊಂಡೆ. ಅದರಲ್ಲಿ ಒಂದು ಮೂಸಾಕನ ಹೆಬ್ಬೆರಳಿನ ಕಡೆ ನಡೆಯಿತು.

"ಜೀವ ಉಂಟು" ಎಂದರು ಅವರು.

ಅಭ್ಯಾಸಬಲದಿಂದ ಅದನ್ನು ಮೂಗಿಗೆ ಹಿಡಿದರು. ನಾನು ಬೇಡ ಎಂದೆ. ಅವರು ಹಿಡಿದೇ ಉಸಿರು ಎಳೆದರು, ಒಮ್ಮೆ, ಎರಡು ಸಲ. ಕಣ್ಣು ಮುಚ್ಚಲಿಲ್ಲ.

"ನನಗೆ ಏನೂ ಇಲ್ಲ ಪದ್ಮಕ್ಕ. ಸೆರಗು ಬಿಡಿ, ಬಾಯಲ್ಲಿ ಹೇಳಿ. ಎಂತ ವಾಸನೆ?"

"ಹೇಲಿನದ್ದು."

"ಎಲ್ಲದರಲ್ಲೂ?"

"ಎಲ್ಲದರಲ್ಲೂ."

ಅವರು ಆ ಮುದ್ದೆಯನ್ನು ಕೆಳಗೆ ಹಾಕಿ, ಕೈಯನ್ನು ಪ್ಯಾಂಟಿಗೆ ಉಜ್ಜಿ, ದೊಡ್ಡ ಕತ್ತರಿ ತೆಗೆದರು. ತಲೆಯಿಂದ ಕಾಲಿನವರೆಗೆ ಗವಸನ್ನು ಉದ್ದಕ್ಕೆ ಸೀಳಿದರು. ಮತ್ತೆ ಅಡ್ಡಕ್ಕೆ. ಹಾಗೆ ಸೀಳಿದ್ದನ್ನು ಯಾವ ಮಿಶನ್ನೂ ಹೊಲಿಯಲಾರದು. ಒಳಗಿದ್ದದ್ದು ಮಂಚದ ಮೇಲೆ ಕರುಳಿನ ಹಾಗೆ ಬಿತ್ತು. ಎರಡನೆಯದನ್ನು ನಾನು ಸೀಳಿದೆ. ನಾನೇ ಹೊಲಿದ ಹೊಲಿಗೆ, ಎಲ್ಲಿ ಹಿಡಿದರೆ ಬಿಡುತ್ತದೆ ಎಂದು ನನಗೆ ಗೊತ್ತುಂಟು. ಆ ಕೋಣೆ ಮುಗಿಸಿ, ಗಂಟು ತೆಗೆದು ಸಮ ಮಾಡಿ ಇಟ್ಟ ಆ ಐದು ಕೋಣೆಗಳಿಗೆ ಹಿಂದೆ ಹೋಗಿ ಅವನ್ನೂ ಸೀಳಿದೆವು. ಸಜ್ನಾ ಅಡುಗೆಮನೆಯಿಂದ ತರಕಾರಿ ಚೂರಿ ತಂದಳು. ಅದನ್ನು ಮತ್ತೆ ಅಡುಗೆಗೆ ತೆಗೆದುಕೊಳ್ಳಬೇಡ ಎಂದು ನಾನು ಹೇಳಿದೆ. ಅವಳು ತಲೆ ಆಡಿಸಿದಳು.

ಹನ್ನೊಂದನೆಯ ಕೋಣೆಯಲ್ಲಿರುವಾಗ ವಾರ್ಡನ್ ಹರ್ಷಿತಾ ಮೇಡಂ ಬಂದರು. ಚಿಕ್ಕ ಪ್ರಾಯ, ಕುತ್ತಿಗೆಯಲ್ಲಿ ಗುರುತಿನ ಚೀಟಿ. ಬಾಗಿಲಲ್ಲಿ ನಿಂತು ನೋಡಿದರು. ಮೂಗು ಮುಚ್ಚಿಕೊಳ್ಳಲಿಲ್ಲ. ಅವರಿಗೆ ಅಭ್ಯಾಸವಾಗಿತ್ತು.

"ಹೊಸ ಹತ್ತಿ ಹೀಗೇ ಇರ್ತದೆ ಅಂತ ಹೇಳಿದ್ದರು ನನ್ನತ್ರ" ಎಂದರು.

"ನೀವು ನಂಬಿದಿರಾ?" ಎಂದು ಮೂಸಾಕ ಕೇಳಿದರು, ಕತ್ತರಿ ನಿಲ್ಲಿಸದೆ.

ಅವರು ನೆಲ ನೋಡಿದರು. "ನನಗೊಂದು ಫೋನು ಮಾಡ್ಲಿಕ್ಕುಂಟು" ಎಂದು ಹೊರಟುಹೋದರು. ಫೋನು ಅವರ ಕೈಯಲ್ಲೇ ಇತ್ತು. ಮುಕ್ಕಾಲು ಗಂಟೆ ಅವರು ಬರಲಿಲ್ಲ, ಯಾರನ್ನೂ ಕಳಿಸಲೂ ಇಲ್ಲ. ಅದು ಒಳ್ಳೆಯತನವೋ ಹೆದರಿಕೆಯೋ ನಾನು ಹೇಳಲಾರೆ. ನಮಗೆ ಆ ಮುಕ್ಕಾಲು ಗಂಟೆ ಬೇಕಾಗಿತ್ತು.

ಮಧ್ಯಾಹ್ನದ ಬಾಂಗ್ ದೂರದ ಮಸೀದಿಯಿಂದ ಕೇಳುವಾಗ ಎಂಬತ್ತನಾಲ್ಕನೆಯದು ಮುಗಿಯಿತು. ಚಿದಾನಂದ ಓಡಿಬಂದರು. ಕೋಣೆ ಕೋಣೆ ನೋಡುತ್ತಾ ಬಂದು ಕೊನೆಯ ಬಾಗಿಲಲ್ಲಿ ನಿಂತರು. ಕರವಸ್ತ್ರ ಮೂಗಿನ ಮೇಲೆ.

"ನಿಮಗೆ ತಲೆ ಸರಿ ಉಂಟಾ? ನಾಳೆ ಓಪನಿಂಗ್. ಇದು ಕೇಸಾಗ್ತದೆ, ಗೊತ್ತುಂಟಾ? ಪೊಲೀಸು ಕರೀತೇನೆ."

"ಕರೀರಿ" ಎಂದರು ಮೂಸಾಕ. "ಅವರು ಬರುವವರೆಗೆ ಇದನ್ನು ಹೀಗೇ ಇಡಿ. ಅವರೂ ನೋಡಲಿ."

"ಆ ಶಾಲು, ಕುರ್ಚಿ, ಎಲ್ಲ ಮರೆತುಬಿಡಿ ನೀವು."

"ಕರವಸ್ತ್ರ ತೆಗೆದು ಹೇಳಿ ಮಾರಾಯ್ರೇ. ಮಾತು ಸರಿ ಕೇಳುವುದಿಲ್ಲ."

ಚಿದಾನಂದ ಕರವಸ್ತ್ರ ತೆಗೆಯಲಿಲ್ಲ. ಪೊಲೀಸರು ಬರಲಿಲ್ಲ. ಕರೆದರೆ ಮಂಚದ ಮೇಲಿದ್ದದ್ದನ್ನು ತೋರಿಸಬೇಕಲ್ಲ.

ನಾವು ಹೊಳೆಯ ನೀರಿನಲ್ಲಿ ಕೈ ತೊಳೆಯಲಿಲ್ಲ. ಗೇಟಿನ ಹೊರಗೆ ಒಂದು ಮನೆಯಲ್ಲಿ ಬಾವಿ ನೀರು ಕೇಳಿ, ಸೋಪು ಕೇಳಿ, ಮೂರು ಸಲ ತೊಳೆದೆವು. ನನ್ನ ಕೈಯಿಂದ ವಾಸನೆ ಹೋಗಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟಿನವಳು ಎದ್ದು ಹಿಂದೆ ಹೋದಳು. ಮೂಸಾಕ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

"ಇನ್ನು ಎಲ್ಲರಿಗೂ ಗೊತ್ತಾಗ್ತದೆ" ಎಂದರು. ಮೂಗಿನ ವಿಷಯ ಎಂದು ನನಗೆ ತಿಳಿಯಿತು.

"ತಪ್ಪು ನನ್ನದು."

"ನೀವು ಹೇಳಿದ ಮಾತು ತಪ್ಪಲ್ಲ" ಎಂದರು.

ಆ ಸಂಜೆ ಚಿದಾನಂದರ ಜನ ಎಂಬತ್ತನಾಲ್ಕು ಹಾಸಿಗೆಯ ಒಳಗಿನದ್ದನ್ನೂ ಗವಸುಗಳನ್ನೂ ಟ್ರಾಕ್ಟರಿನಲ್ಲಿ ತುಂಬಿಸಿ, ಹಿಂದಿನ ಸಣ್ಣ ಸೇತುವೆಯಿಂದ ಹೊಳೆಗೆ ಸುರಿದರು ಎಂದು ಸಜ್ನಾ ಫೋನು ಮಾಡಿ ಹೇಳಿದಳು. ಹೊಂಡ ತೋಡಿ ಮುಚ್ಚಲು ಕೂಡ ಅವರಿಗೆ ಮನಸ್ಸಾಗಲಿಲ್ಲ. ಬೂರುಗದ ಹತ್ತಿ ಮುಳುಗುವುದಿಲ್ಲ ಎಂದು ಹೇಳಿದೆನಲ್ಲ. ಅದು ತೇಲಿಕೊಂಡು, ಬದಿಯ ಮುಂಡುಗದ ಪೊದೆಗಳಿಗೆ ಸಿಕ್ಕಿಕೊಂಡು, ಜನ ಬಟ್ಟೆ ಒಗೆಯುವ ಕಲ್ಲುಗಳ ಮಧ್ಯದಿಂದ ಕೆಳಗೆ ಹೋಯಿತು. ಕೆಳಗಿನ ಊರಿನವರು ಅದೇ ನೀರನ್ನು ಪಂಪಿನಲ್ಲಿ ಎತ್ತುತ್ತಾರೆ. ವಿಶ್ವವಿದ್ಯಾಲಯ ಕಲಿತವರ ಜಾಗ. ನಾನು ಹೆಚ್ಚು ಹೇಳುವುದಿಲ್ಲ.

ಇಪ್ಪತ್ತು ಗಂಟು ಮೂಸಾಕನ ಕಿಸೆಯಲ್ಲಿತ್ತು. ಉಳಿದ ಅರುವತ್ತನಾಲ್ಕು ಗವಸಿನೊಟ್ಟಿಗೆ ಹೊಳೆಗೆ ಹೋಯಿತು. ಅದನ್ನು ಅವರಿಗೆ ಹೇಳಿದಾಗ, "ಹೋಗಲಿ" ಎಂದರು, ಅಷ್ಟೆ.

ಓಪನಿಂಗ್ ಆದ ಮರುದಿನ ಬೆಳಿಗ್ಗೆ ನಾನು ಪೇಪರು ಹಿಡಿದುಕೊಂಡು ಅವರ ಮನೆಗೆ ಹೋದೆ. ನನಗೆ ಅಕ್ಷರ ಕೂಡಿಸಿ ಓದಲು ಹೊತ್ತು ಬೇಕು, ಫೋಟೊ ನೋಡಲು ಬೇಡ. ಮೂಸಾಕ ಜಗಲಿಯಲ್ಲಿ ಚಹಾದ ಗ್ಲಾಸು ಹಿಡಿದು ಕುಳಿತಿದ್ದರು. ಕನ್ನಡಕ ಒಳಗಿತ್ತು.

"ಎಂತ ಹಾಕಿದ್ದಾರೆ?"

"ಕಮಾನು. ಆನೆ. ರಿಬ್ಬನ್ನು ಕತ್ತರಿಸುವುದು. ಹಾಸ್ಟೆಲಿನದ್ದೊಂದು ಉಂಟು. ಮಂಚದ ಮೇಲೆ ಹೂವಿನ ಬೆಡ್‌ಶೀಟು ಹಾಸಿದ್ದಾರೆ. ಒಬ್ಬರು ದೊಡ್ಡವರು ಕೂತಿದ್ದಾರೆ."

"ಶೀಟಿನ ಅಡಿಯಲ್ಲಿ?"

ನಾನು ಪೇಪರನ್ನು ಬೆಳಕಿಗೆ ಹಿಡಿದೆ. ಹಾಸಿಗೆ ಇದ್ದರೆ ಮಂಚದ ಪಟ್ಟಿಯಿಂದ ಶೀಟು ನಾಲ್ಕು ಬೆರಳು ಎತ್ತರ ಇರಬೇಕು, ಕೂತಲ್ಲಿ ಹೊಂಡ ಬೀಳಬೇಕು. ಇಲ್ಲಿ ಶೀಟು ಹಲಗೆಗೆ ಅಂಟಿ ಚಪ್ಪಟೆ ಇತ್ತು. ಕೂತವರ ಮುಖದಲ್ಲಿ, ಕೂರುವಾಗ ಹಲಗೆ ತಾಗಿದ ನೋವು ಸ್ವಲ್ಪ ಕಾಣುತ್ತಿತ್ತು.

"ಹಲಗೆ" ಎಂದೆ.

"ಸರಿಯಾಗಿ ನೋಡಿ. ನಾಲ್ಕು ಬೆರಳು ಇಲ್ಲವಾ?"

"ಒಂದು ಬೆರಳೂ ಇಲ್ಲ."

ಅವರು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಮಕ್ಕಳು ಎಲ್ಲಿ ಮಲಗಿದರಂತೆ?"

"ಚಾಪೆಯಲ್ಲಿ. ನೆಲದಲ್ಲಿ. ಸಜ್ನಾ ಹೇಳಿದಳು. ಒಣಗಿದ ಚಾಪೆ, ಬೇರೆ ಹಾಸ್ಟೆಲಿನದ್ದು."

"ಸಾಕು" ಎಂದರು.

ಒಳಗೆ ಝೈನಬಮ್ಮ ಆ ಬು‍ಧವಾರದ ಅಂಗಿಯನ್ನು ಒಗೆಯಲು ತೆಗೆದಿದ್ದರು. ಕಿಸೆಯಲ್ಲಿದ್ದದ್ದನ್ನು ಕೈಗೆ ಸುರಿದು, ನನ್ನನ್ನೊಮ್ಮೆ ನೋಡಿ, ಒಲೆಗೆ ಹಾಕಿದರು. ಏಳು ಸುತ್ತಿನ ಗಂಟು, ಇಪ್ಪತ್ತು. ನೂಲು ಸುಡುವ ವಾಸನೆ ಜಗಲಿಯವರೆಗೆ ಬಂತು, ಅದರೊಟ್ಟಿಗೆ ಸ್ವಲ್ಪ ಆ ಹಾಸ್ಟೆಲಿನದ್ದೂ. ಮೂಸಾಕ ಚಹಾ ಕುಡಿಯುತ್ತಾ, ಗ್ಲಾಸಿನ ಅಂಚಿನ ಮೇಲಿನಿಂದ ಅಭ್ಯಾಸದಂತೆ ನನ್ನ ಕಡೆ ನೋಡಿದರು.

ನಾನು ಸೆರಗು ಮುಟ್ಟಲಿಲ್ಲ.